ಮಾರ್ಫಿನ್ ಕೊಟ್ಟರೆ ಸಾವು ಬೇಗ ಬರುತ್ತದೆಯೇ? ಕೊನೆಗಾಲದ ನೋವು ಮತ್ತು ಆರೈಕೆಯ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

"ಮಾರ್ಫಿನ್ ಶುರು ಮಾಡಿದರು ಅಂದರೆ ಕತೆ ಮುಗೀತು ಅಂತ ಅರ್ಥ. ಕ್ಯಾನ್ಸರ್‌ಗಿಂತ ಮೊದಲು ಈ ಮಾತ್ರೆಯೇ ಜೀವ ತೆಗೆಯುತ್ತದೆ. ನಿಮ್ಮವರಿಗೆ ಕೊಡಲು ಬಿಡಬೇಡಿ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ."

ಓದುಗರೊಬ್ಬರು ಇಂಥದ್ದೊಂದು ವಾಟ್ಸ್ಆ್ಯಪ್ ಸಂದೇಶವನ್ನು ನಮಗೆ ಕಳಿಸಿ, ಅದರ ಕೆಳಗೆ ಹೀಗೆ ಬರೆದಿದ್ದರು: "ಅಮ್ಮನಿಗೆ ಸ್ತನ ಕ್ಯಾನ್ಸರ್. ಈಗ ಬೆನ್ನುಮೂಳೆಗೂ ಹರಡಿದೆ. ಇನ್ನು ಕೀಮೋ ಬೇಡ ಎಂದ ಡಾಕ್ಟರು ನೋವಿಗೆ ಮಾರ್ಫಿನ್ ಬರೆದುಕೊಟ್ಟಿದ್ದಾರೆ. ಮಾತ್ರೆ ತಂದು ನಾಲ್ಕು ದಿನ ಆಯಿತು. ಕೊಟ್ಟರೆ ನಾನೇ ಅಮ್ಮನನ್ನು ಕೊಂದ ಹಾಗೆ ಆಗುತ್ತದೇನೋ ಎಂಬ ಭಯಕ್ಕೆ ಬೀರುವಿನಲ್ಲೇ ಇಟ್ಟಿದ್ದೇನೆ. ರಾತ್ರಿಯೆಲ್ಲ ಅಮ್ಮ ನರಳುತ್ತಾಳೆ. ಏನು ಮಾಡಲಿ?"

ಇದು ಒಂದೇ ಮನೆಯ ಪ್ರಶ್ನೆಯಲ್ಲ. ಆದ್ದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಚುಟುಕಾಗಿ

ವೈದ್ಯರು ರೋಗಿಯನ್ನು ನೋಡಿ, ಪ್ರಮಾಣ ಗೊತ್ತುಮಾಡಿ ಬರೆದುಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವ ಮದ್ದಲ್ಲ. ಅದು ನೋವಿನ ಮದ್ದು. ಕ್ಯಾನ್ಸರ್‌ನ ತೀವ್ರ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುವ ಔಷಧ ಇದು. ಆ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೂ ಇದರ ಹೆಸರಿದೆ. ಅಡ್ಡಪರಿಣಾಮಗಳು ಇಲ್ಲವೆಂದಲ್ಲ, ಇವೆ. ಅವುಗಳನ್ನು ಮೊದಲೇ ತಿಳಿದುಕೊಂಡರೆ ಸಂಭಾಳಿಸಬಹುದು. ಬೀರುವಿನಲ್ಲಿಟ್ಟ ಮಾತ್ರೆಯಿಂದ ಯಾರ ಆಯುಷ್ಯವೂ ಹೆಚ್ಚುವುದಿಲ್ಲ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಒಂದೊಂದಾಗಿ ನೋಡೋಣ.

ಗಸಗಸೆ ಗಿಡದಿಂದ ಬಂದ ಔಷಧ

ನಾವು ಪಾಯಸಕ್ಕೆ ಹಾಕುವ ಗಸಗಸೆ ಯಾವ ಗಿಡದ ಬೀಜವೋ, ಅದೇ ಗಿಡದ ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿ ಅಫೀಮು ಆಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ತಯಾರಕ ಫ್ರೆಡ್ರಿಕ್ ಸೆರ್ಟುರ್ನರ್ ಅಫೀಮಿನಿಂದ ನೋವು ಕಡಿಮೆ ಮಾಡುವ ಅಂಶವನ್ನು ಬೇರ್ಪಡಿಸಿದರು. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿನಿಂದ ಅದಕ್ಕೆ ಮಾರ್ಫಿನ್ ಎಂಬ ಹೆಸರು ಬಂತು.

ಅಫೀಮು ಎಂದ ಕೂಡಲೇ ನಮಗೆ ಚಟ, ಕಳ್ಳಸಾಗಣೆ, ಪೊಲೀಸ್ ಕೇಸ್ ನೆನಪಾಗುತ್ತವೆ. ಅದರ ನೆರಳು ಮಾರ್ಫಿನ್ ಮೇಲೂ ಬಿದ್ದಿದೆ. ಆದರೆ ಬೀದಿಯ ಮಾದಕ ವಸ್ತುವಿಗೂ, ವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುವ ಮಾತ್ರೆಗೂ ದೊಡ್ಡ ವ್ಯತ್ಯಾಸವಿದೆ.

ನಮ್ಮ ಮೆದುಳು ಮತ್ತು ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಗ್ಗಿಸುವ ವ್ಯವಸ್ಥೆ ಹುಟ್ಟಿನಿಂದಲೇ ಇದೆ. ದೇಹ ತಾನೇ ತಯಾರಿಸುವ ಎಂಡಾರ್ಫಿನ್‌ನಂಥ ರಾಸಾಯನಿಕಗಳು ಅಲ್ಲಿ ಕೆಲಸ ಮಾಡುತ್ತವೆ. ಮಾರ್ಫಿನ್ ಕೂಡ ಅದೇ ಜಾಗಗಳಿಗೆ ಹೋಗಿ ಅಂಟಿಕೊಂಡು ನೋವಿನ ಸಂದೇಶವನ್ನು ತಗ್ಗಿಸುತ್ತದೆ.

ನಂಬಿಕೆ 1: ಮಾರ್ಫಿನ್ ಉಸಿರು ನಿಲ್ಲಿಸುತ್ತದೆ

ಮಾರ್ಫಿನ್ ಅತಿಯಾದರೆ ಉಸಿರಾಟ ನಿಧಾನವಾಗುತ್ತದೆ ಎಂಬುದು ನಿಜ. ಅದಕ್ಕೇ ವೈದ್ಯರು ಒಂದೇ ಸಲ ಹೆಚ್ಚು ಕೊಡುವುದಿಲ್ಲ. ಕಡಿಮೆ ಪ್ರಮಾಣದಿಂದ ಆರಂಭಿಸಿ, ನೋವು ಎಷ್ಟು ತಗ್ಗಿತು ಎಂದು ನೋಡಿಕೊಂಡು ಹಂತಹಂತವಾಗಿ ಹೆಚ್ಚಿಸುತ್ತಾರೆ. ಬಾಯಿಯ ಮೂಲಕ ಹೀಗೆ ಕೊಟ್ಟಾಗ ಉಸಿರಾಟಕ್ಕೆ ಅಪಾಯವಾಗುವುದು ಅಪರೂಪ. ಪ್ರಮಾಣ ಹೆಚ್ಚಾದರೆ ಉಸಿರು ತಗ್ಗುವ ಮೊದಲೇ ಸಾಮಾನ್ಯವಾಗಿ ವಿಪರೀತ ಮಂಪರು ಕಾಣಿಸಿಕೊಂಡು ಎಚ್ಚರಿಕೆ ಕೊಡುತ್ತದೆ. ಇನ್ನೊಂದು ಸಂಗತಿ ಹಲವರಿಗೆ ಅಚ್ಚರಿ ತರಬಹುದು: ಕೊನೆಯ ಹಂತದ ರೋಗಿಗಳಿಗೆ ಉಸಿರು ಕಟ್ಟಿದಂತಾಗುವ ಸಂಕಟ ತಗ್ಗಿಸಲು ವೈದ್ಯರು ಅತಿ ಕಡಿಮೆ ಪ್ರಮಾಣದ ಮಾರ್ಫಿನ್ ಅನ್ನೇ ಕೊಡುತ್ತಾರೆ.

ಹಾಗಾದರೆ "ನಮ್ಮ ಮಾವನಿಗೆ ಮಾರ್ಫಿನ್ ಕೊಟ್ಟ ಮಾರನೇ ದಿನವೇ ಹೋಗಿಬಿಟ್ಟರು" ಎನ್ನುತ್ತಾರಲ್ಲ, ಅದು ಸುಳ್ಳೇ? ಸುಳ್ಳಲ್ಲ. ಆದರೆ ಕಾರಣ ಬೇರೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ, ಕೆಲವು ಆಸ್ಪತ್ರೆಗಳಲ್ಲೂ, ಮಾರ್ಫಿನ್ ಅನ್ನು ಕಟ್ಟಕಡೆಯ ದಿನಗಳವರೆಗೆ ಮುಂದೂಡುತ್ತಾರೆ. ಆಗ ಕಾಯಿಲೆಯಿಂದ ಬಂದ ಸಾವು ಮಾತ್ರೆಯ ಬೆನ್ನಿಗೇ ಬಂದಂತೆ ಕಾಣುತ್ತದೆ. ಜನ ಕೊಡೆ ಬಿಚ್ಚಿದ ಮೇಲೆ ಮಳೆ ಜೋರಾಯಿತು ಎಂದು ಕೊಡೆಯನ್ನೇ ದೂರಿದ ಹಾಗೆ ಇದು. ಬೇಗ ಶುರು ಮಾಡಿದವರು ವಾರಗಟ್ಟಲೆ, ತಿಂಗಳುಗಟ್ಟಲೆ ಈ ಮಾತ್ರೆ ತೆಗೆದುಕೊಂಡು ಓಡಾಡಿಕೊಂಡಿರುತ್ತಾರೆ. ಅವರ ಬಗ್ಗೆ ಯಾರೂ ಫಾರ್ವರ್ಡ್ ಬರೆಯುವುದಿಲ್ಲ.

ಆದರೂ ಎಚ್ಚರ ಬೇಕು. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ಬಹಳ ನಿಧಾನವಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುವುದು ಇವು ಒಟ್ಟಿಗೆ ಕಂಡರೆ ಮುಂದಿನ ಡೋಸ್ ಕೊಡದೆ ತಕ್ಷಣ ವೈದ್ಯರನ್ನು ಸಂಪರ್ಕಿಸಿ. ಕಿಡ್ನಿ ದುರ್ಬಲವಿದ್ದರೆ ಮಾರ್ಫಿನ್ ಅಂಶ ದೇಹದಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ನಿದ್ರೆ ಮಾತ್ರೆಯನ್ನಾಗಲಿ, ಮದ್ಯವನ್ನಾಗಲಿ ನಿಮ್ಮ ಮನಸ್ಸಿಗೆ ಬಂದಂತೆ ಇದರ ಜೊತೆ ಸೇರಿಸಬೇಡಿ.

ನಂಬಿಕೆ 2: ಚಟ ಹತ್ತುತ್ತದೆ

ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಕೆಲವು ವಾರ ಮಾರ್ಫಿನ್ ತೆಗೆದುಕೊಂಡ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ಬೆವರು, ಚಡಪಡಿಕೆ, ಭೇದಿ ಆಗಬಹುದು. ಅದಕ್ಕೇ ನಿಲ್ಲಿಸುವಾಗ ನಿಧಾನವಾಗಿ ಇಳಿಸುತ್ತಾರೆ. ಇದು ದೇಹದ ಅವಲಂಬನೆ. ಬಿ.ಪಿ.ಯ ಕೆಲವು ಮಾತ್ರೆಗಳನ್ನೂ, ಸ್ಟೀರಾಯ್ಡ್ ಅನ್ನೂ ಹೀಗೆ ಥಟ್ಟನೆ ನಿಲ್ಲಿಸಬಾರದು. ಅವನ್ನು ನಾವು ಚಟ ಎನ್ನುವುದಿಲ್ಲ.

ಚಟ ಎಂದರೆ ನೋವಿಲ್ಲದಿದ್ದರೂ ಮತ್ತಿಗಾಗಿ ಹಪಹಪಿಸುವುದು, ಹಾನಿಯಾಗುತ್ತಿದೆ ಎಂದು ಗೊತ್ತಿದ್ದರೂ ಬಿಡಲಾಗದಿರುವುದು. ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರಲ್ಲಿ ಇದು ಸಾಮಾನ್ಯವಲ್ಲ. ವಿಕಿರಣ ಚಿಕಿತ್ಸೆಯಿಂದ ಮೂಳೆ ನೋವು ಇಳಿದಾಗ ಎಷ್ಟೋ ರೋಗಿಗಳ ಮಾರ್ಫಿನ್ ಪ್ರಮಾಣವನ್ನು ತಗ್ಗಿಸಲು ಸಾಧ್ಯವಾಗುತ್ತದೆ. ಹಿಂದೆ ಮದ್ಯ ಅಥವಾ ಮಾದಕ ವಸ್ತುವಿನ ಚಟ ಇದ್ದವರಾದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಆಗ ಇನ್ನಷ್ಟು ನಿಗಾ ಇಟ್ಟು ಕೊಡುತ್ತಾರೆ.

ಇನ್ನು ಕೆಲವೇ ವಾರ ಬದುಕುವ ಎಪ್ಪತ್ತೈದರ ಅಜ್ಜಿಗೆ "ಚಟ ಆದೀತು" ಎಂದು ನೋವಿನ ಮದ್ದು ತಪ್ಪಿಸುವುದರಿಂದ ಯಾರಿಗೆ ಏನು ಉಪಕಾರ? ಈ ಪ್ರಶ್ನೆಯನ್ನು ಮನೆಯವರು ತಮ್ಮಲ್ಲೇ ಒಮ್ಮೆ ಕೇಳಿಕೊಳ್ಳಬೇಕು.

ನಂಬಿಕೆ 3: ಈಗಲೇ ಕೊಟ್ಟರೆ ಮುಂದೆ ನೋವು ಜೋರಾದಾಗ ಕೆಲಸ ಮಾಡುವುದಿಲ್ಲ

ದುಡ್ಡು ಕೂಡಿಡುವಂತೆ ಔಷಧದ ಶಕ್ತಿಯನ್ನು ಕೂಡಿಡಲು ಆಗುವುದಿಲ್ಲ. ಪ್ಯಾರಾಸಿಟಮಾಲ್‌ಗೆ ದಿನಕ್ಕೆ ಇಷ್ಟೇ ಎಂಬ ಗಡಿ ಇದೆ. ಅದನ್ನು ದಾಟಿದರೆ ಲಿವರ್‌ಗೆ ಪೆಟ್ಟು. ಮಾರ್ಫಿನ್‌ಗೆ ಅಂಥ ಒಂದೇ ಗಡಿ ಎಲ್ಲರಿಗೂ ಇಲ್ಲ. ನೋವು ಹೆಚ್ಚಿದರೆ, ಅಡ್ಡಪರಿಣಾಮ ನೋಡಿಕೊಂಡು ವೈದ್ಯರು ಪ್ರಮಾಣ ಹೆಚ್ಚಿಸಬಹುದು. ಹೆಚ್ಚು ಮಾತ್ರೆ ಬೇಕಾಯಿತು ಎಂದರೆ ಬಹಳ ಸಲ ಕಾಯಿಲೆ ಮುಂದುವರಿದಿದೆ ಎಂದರ್ಥ.

ಇದರ ಇನ್ನೊಂದು ಮುಖವೂ ಇದೆ. ಮಾರ್ಫಿನ್‌ಗೆ ಹೆದರಿ ಎಷ್ಟೋ ಜನ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಂದು ದಿನಗಟ್ಟಲೆ ನುಂಗಿಸುತ್ತಾರೆ. ಅವುಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವ ಆಗಬಹುದು, ಕಿಡ್ನಿ ಕೆಡಬಹುದು. ಪರಿಚಿತ ಹೆಸರು ಎಂಬ ಕಾರಣಕ್ಕೆ ಅವು ನಿರಪಾಯಕಾರಿ ಆಗುವುದಿಲ್ಲ.

ನಂಬಿಕೆ 4: ಉಪಶಮನ ಆರೈಕೆ ಎಂದರೆ ಕೈಬಿಟ್ಟಂತೆ

ಪ್ಯಾಲಿಯೇಟಿವ್ ಕೇರ್ ಎನ್ನುವುದನ್ನು ಕನ್ನಡದಲ್ಲಿ ಉಪಶಮನ ಆರೈಕೆ ಎನ್ನುತ್ತೇವೆ. ಗುಣವಾಗದ ಅಥವಾ ಪ್ರಾಣಕ್ಕೆ ಸಂಚಕಾರ ತರುವ ಕಾಯಿಲೆ ಇದ್ದವರ ನೋವು, ಉಬ್ಬಸ, ವಾಂತಿ, ನಿದ್ರೆಗೇಡು, ಮನಸ್ಸಿನ ದುಗುಡ ಇವನ್ನೆಲ್ಲ ತಗ್ಗಿಸಿ, ಮನೆಯವರಿಗೂ ಆಸರೆಯಾಗುವ ವೈದ್ಯಕೀಯ ವಿಭಾಗ ಇದು. ಕ್ಯಾನ್ಸರ್‌ಗೆ ಮಾತ್ರವಲ್ಲ, ಹೃದಯ, ಕಿಡ್ನಿ, ಶ್ವಾಸಕೋಶ ಸೋತವರಿಗೂ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರಿಗೂ ಬೇಕಾಗುತ್ತದೆ. ಪ್ರತಿ ವರ್ಷ ಜಗತ್ತಿನಲ್ಲಿ ಸುಮಾರು 5.68 ಕೋಟಿ ಜನರಿಗೆ ಇದರ ಅಗತ್ಯವಿದೆ, ಸಿಗುತ್ತಿರುವುದು ಸುಮಾರು ಶೇ. 14ರಷ್ಟು ಜನರಿಗೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಇದಕ್ಕೆ ಆಧುನಿಕ ರೂಪ ಕೊಟ್ಟವರು ಲಂಡನ್ನಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆಯಾದ ಅವರು 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ದೇಹಕ್ಕೆ ಮಾತ್ರ ಸೇರಿದ್ದಲ್ಲ, ಮನಸ್ಸು, ಸಂಸಾರ, ನಂಬಿಕೆ ಎಲ್ಲವೂ ಅದರಲ್ಲಿ ಸೇರಿರುತ್ತವೆ ಎಂದು ಅವರು ತೋರಿಸಿಕೊಟ್ಟರು. ಮಗಳ ಮದುವೆ ಉಳಿದಿದೆ, ಸಾಲ ತೀರಿಲ್ಲ ಎಂಬ ಚಿಂತೆ ಇದ್ದವರಿಗೆ ಮಾತ್ರೆಯೊಂದರಿಂದಲೇ ನಿದ್ರೆ ಬರುವುದಿಲ್ಲ ಎಂಬುದನ್ನು ನಾವೂ ನಮ್ಮ ಮನೆಗಳಲ್ಲಿ ಕಂಡಿದ್ದೇವೆ.

ಈ ಆರೈಕೆಗೆ ಸೇರಿದರೆ ಬೇಗ ಸಾಯುತ್ತಾರೆಯೇ? ಅಮೆರಿಕದ ಬೋಸ್ಟನ್‌ನಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಮನ ಆರೈಕೆ ಪಡೆದವರ ಬದುಕಿನ ಗುಣಮಟ್ಟ ಚೆನ್ನಾಗಿತ್ತು, ಖಿನ್ನತೆ ಕಡಿಮೆ ಇತ್ತು. ಅವರು ಬದುಕಿದ ಮಧ್ಯಮ ಅವಧಿ 11.6 ತಿಂಗಳು; ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರದು 8.9 ತಿಂಗಳು. ಎಲ್ಲ ಕಾಯಿಲೆಗಳಲ್ಲೂ ಆಯುಷ್ಯ ಹೀಗೆ ಹೆಚ್ಚುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ಉಪಶಮನ ಆರೈಕೆ ಎಂದರೆ ಸಾವಿನ ಬಾಗಿಲು ಎಂಬ ಮಾತಿಗೆ ಇದು ತಕ್ಕ ಉತ್ತರ.

ನಮ್ಮ ನೆರೆಯ ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಗೆಳೆಯರು ಆರಂಭಿಸಿದ ಕೆಲಸ ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ಆ ರಾಜ್ಯ ಸರ್ಕಾರವೇ ಇದಕ್ಕಾಗಿ ನೀತಿ ರೂಪಿಸಿತು. ಬೆಂಗಳೂರಿನ ಮಾರತ್ತಹಳ್ಳಿ ಬಳಿ ಕರುಣಾಶ್ರಯ ಎಂಬ ಹಾಸ್ಪೈಸ್ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ಮಾರ್ಫಿನ್ ಎಲ್ಲ ಅಂಗಡಿಗಳಲ್ಲಿ ಯಾಕೆ ಸಿಗುವುದಿಲ್ಲ?

ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಡಿ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ ನಮ್ಮ ರೋಗಿಗಳಿಗೇ ಮಾರ್ಫಿನ್ ಸಿಗುವುದು ಕಷ್ಟವಾಗಿತ್ತು. ಮಾದಕ ವಸ್ತುಗಳ ಹಾವಳಿ ತಡೆಯಲು 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯ್ದೆಯ ಕಠಿಣ ಶಿಕ್ಷೆ ಮತ್ತು ಹಲವು ಪರವಾನಗಿಗಳ ತೊಡಕಿಗೆ ಹೆದರಿ ಆಸ್ಪತ್ರೆಗಳು, ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ತಲೆಮಾರಿನ ವೈದ್ಯರು ಅದನ್ನು ಬರೆದು ರೂಢಿಯಿಲ್ಲದೆಯೇ ಬೆಳೆದರು.

2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್ ಸೇರಿದಂತೆ ಕೆಲವು ಔಷಧಗಳನ್ನು ಅಗತ್ಯ ಮಾದಕ ಔಷಧಗಳೆಂದು ಗುರುತಿಸಿ, ದೇಶಕ್ಕೆಲ್ಲ ಒಂದೇ ಬಗೆಯ ನಿಯಮ ತರಲಾಯಿತು. ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಂಡು ರೋಗಿಗಳಿಗೆ ಕೊಡಬಹುದು. ವೈದ್ಯರ ಚೀಟಿಯೊಂದಿಗೆ ರೋಗಿಗಾಗಿ ಮಾರ್ಫಿನ್ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಚೀಟಿಯನ್ನು ಜೋಪಾನವಾಗಿಡಿ. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಉಳಿದದ್ದನ್ನು ಬೇರೆಯವರಿಗೆ ಕೊಡದೆ ಆಸ್ಪತ್ರೆಗೇ ಹಿಂದಿರುಗಿಸಿ.

ಕೊಡುವುದು ಹೇಗೆ?

ಪ್ರಮಾಣ ಹೇಳುವುದು ವೈದ್ಯರ ಕೆಲಸ. ಅದನ್ನು ನಾವು ಇಲ್ಲಿ ಬರೆಯುವುದಿಲ್ಲ. ಆದರೆ ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಗಡಿಯಾರ ನೋಡಿ ಕೊಡಿ, ನರಳಾಟ ನೋಡಿ ಅಲ್ಲ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ನೋವು ಪೂರ್ತಿ ಮರಳಿದ ಮೇಲೆ ಕೊಟ್ಟರೆ ಅದನ್ನು ಮತ್ತೆ ಹದಕ್ಕೆ ತರುವುದು ಕಷ್ಟ. ಮಧ್ಯೆ ನೋವು ಎದ್ದರೆ ಏನು ಕೊಡಬೇಕು, ರಾತ್ರಿ ಎಬ್ಬಿಸಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ನೋವಿಗೆ ಅಂಕ ಕೊಡಲು ಹೇಳಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ ನೋವು. ಅಂಕ ಹೇಳಲು ಬಾರದ ಹಿರಿಯರಾದರೆ "ನಾಲ್ಕಾಣೆಯೋ, ಎಂಟಾಣೆಯೋ, ಹದಿನಾರಾಣೆಯೋ" ಎಂದು ಕೇಳಿ. ನೋಟ್‌ಬುಕ್‌ನಲ್ಲಿ ಸಮಯ, ಅಂಕ, ಕೊಟ್ಟ ಮಾತ್ರೆ ಬರೆದಿಡಿ. ವೈದ್ಯರಿಗೆ ಇದಕ್ಕಿಂತ ಒಳ್ಳೆಯ ರಿಪೋರ್ಟ್ ಬೇಕಿಲ್ಲ.

ಮಲಬದ್ಧತೆ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಮಾರ್ಫಿನ್ ಇರುವಷ್ಟು ದಿನವೂ ಇರುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧ ಜೊತೆಗಿರಬೇಕು. ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ವಾಕರಿಕೆ ಮತ್ತು ಮಂಪರು ಬಹುತೇಕರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ಮೊದಲ ಎರಡು ಮೂರು ದಿನ ಹೆಚ್ಚು ಮಲಗಿದರೆ ಗಾಬರಿಯಾಗಬೇಡಿ. ಎಷ್ಟೋ ರಾತ್ರಿಗಳ ನಿದ್ರೆ ಬಾಕಿ ಇರುತ್ತದೆ. ಆದರೆ ಎಬ್ಬಿಸಿದಾಗ ಎದ್ದು ಮಾತನಾಡಬೇಕು.

ನಿಧಾನವಾಗಿ ಕರಗುವ ಮಾರ್ಫಿನ್ ಮಾತ್ರೆಯನ್ನು ಪುಡಿ ಮಾಡಿ ಕೊಡಬೇಡಿ. ಇಡೀ ದಿನಕ್ಕೆ ಹಂಚಬೇಕಾದ ಔಷಧ ಒಮ್ಮೆಲೇ ದೇಹಕ್ಕೆ ಸೇರುತ್ತದೆ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಅಲ್ಲೂ ಇದೇ ಅಪಾಯ.

ಎಲ್ಲ ನೋವಿಗೂ ಮಾರ್ಫಿನ್ ಒಂದೇ ಮದ್ದಲ್ಲ. ಉರಿ, ಕರೆಂಟ್ ಹೊಡೆದಂತಹ ನರದ ನೋವಿಗೆ ಬೇರೆ ಮಾತ್ರೆಗಳಿವೆ. ಮೂಳೆಗೆ ಹರಡಿದ ಕ್ಯಾನ್ಸರ್ ನೋವಿಗೆ ಎಷ್ಟೋ ಸಲ ಒಂದೇ ದಿನದ ವಿಕಿರಣ ಚಿಕಿತ್ಸೆ ಸಾಕಾಗುತ್ತದೆ. ಬೆನ್ನುಮೂಳೆಗೆ ಹರಡಿದವರಲ್ಲಿ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದು ತುರ್ತು ಪರಿಸ್ಥಿತಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಮಾತ್ರೆಯಷ್ಟೇ ಮುಖ್ಯ ಮನೆಯ ಆರೈಕೆ

ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ನಡೆದ ಕ್ರೂರ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ದಶಕಗಳ ಕಾಲ ಹಾಸಿಗೆ ಹಿಡಿದಿದ್ದರೂ ಅವರಿಗೆ ಹಾಸಿಗೆ ಹುಣ್ಣು ಆಗದಂತೆ ಕಾಪಾಡಿದ್ದನ್ನು ಸುಪ್ರೀಂ ಕೋರ್ಟ್ ಕೂಡ ಮೆಚ್ಚಿ ಗುರುತಿಸಿತು. ಅವರದು ಕೊನೆಯ ಹಂತದ ಕಾಯಿಲೆಯಾಗಿರಲಿಲ್ಲ. ಆದರೆ ಕೈಯ ಆರೈಕೆಯಿಂದ ಏನು ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಬೆನ್ನು: ತಾವಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಗಳನ್ನು ದಿನವೂ ನೋಡಿ. ಕೆಂಪಾದ ಜಾಗವನ್ನು ಉಜ್ಜಬೇಡಿ, ಅಲ್ಲಿ ಭಾರ ಬೀಳದಂತೆ ದಿಂಬು ಕೊಡಿ. ಹಾಸಿಗೆಯ ಸುಕ್ಕು ತೆಗೆಯಿರಿ, ಒದ್ದೆ ಬಟ್ಟೆ ಕೂಡಲೇ ಬದಲಿಸಿ. ಗಾಳಿ ಹಾಸಿಗೆ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಬಾಯಿ: ಮೆತ್ತನೆಯ ಬ್ರಶ್ ಅಥವಾ ಒದ್ದೆ ಬಟ್ಟೆಯಿಂದ ದಿನಕ್ಕೆ ಹಲವು ಸಲ ಬಾಯಿ ಒರೆಸಿ. ನಾಲಿಗೆ ಮೇಲೆ ಬಿಳಿ ಪೊರೆ ಕಂಡರೆ ಅದು ಶಿಲೀಂಧ್ರ ಸೋಂಕು ಇರಬಹುದು. ಅದಕ್ಕೆ ಔಷಧವಿದೆ. ಎಷ್ಟೋ ಸಲ "ಊಟ ಸೇರುತ್ತಿಲ್ಲ" ಎಂಬುದರ ಕಾರಣ ಇದೇ ಆಗಿರುತ್ತದೆ.

ಉಸಿರು: ಉಬ್ಬಸ ಇದ್ದಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ. ಕಿಟಕಿ ತೆರೆಯಿರಿ, ಮುಖಕ್ಕೆ ಮೆಲ್ಲನೆ ಫ್ಯಾನ್ ಗಾಳಿ ತಾಗಲಿ. ಸುತ್ತ ಗುಂಪು ಸೇರಬೇಡಿ.

ಗಾಯದ ವಾಸನೆ: ಕ್ಯಾನ್ಸರ್ ಗಾಯ ವಾಸನೆ ಬಂದಾಗ ರೋಗಿ ಎಲ್ಲರಿಂದ ದೂರವಾಗುತ್ತಾರೆ. ಮೊಮ್ಮಕ್ಕಳೂ ಹತ್ತಿರ ಬರುವುದಿಲ್ಲ. ಉಪ್ಪುನೀರಿನಿಂದ ಗಾಯ ತೊಳೆದು, ಮೆಟ್ರೋನಿಡಜೋಲ್ ಮಾತ್ರೆಯ ಪುಡಿ ಉದುರಿಸಿ ಬ್ಯಾಂಡೇಜ್ ಕಟ್ಟುವ ವಿಧಾನವನ್ನು ಉಪಶಮನ ಆರೈಕೆಯ ನರ್ಸ್‌ಗಳು ಮನೆಯವರಿಗೆ ಕಲಿಸಿಕೊಡುತ್ತಾರೆ. ಕೇಳಲು ಸಂಕೋಚ ಬೇಡ.

ಊಟ ಬಿಟ್ಟರೆ ಹಸಿವಿನಿಂದ ಸಾಯುತ್ತಾರೆಯೇ?

ಕೊನೆಯ ದಿನಗಳಲ್ಲಿ ದೇಹಕ್ಕೆ ಆಹಾರ ಬೇಡವಾಗುತ್ತದೆ. ಊಟ ಬಿಟ್ಟಿದ್ದರಿಂದ ಸಾವು ಬರುತ್ತಿದೆ ಎಂದು ನಮಗೆ ಅನ್ನಿಸುತ್ತದೆ. ನಿಜವಾಗಿ, ದೇಹ ಮುಗಿಯುತ್ತಾ ಬಂದಿರುವುದರಿಂದ ಊಟ ಬಿಟ್ಟಿರುತ್ತಾರೆ. ನುಂಗಲಾಗದವರಿಗೆ ಒತ್ತಾಯದಿಂದ ಗಂಜಿ, ಹಾಲು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ಸಂಕಟ ಹೆಚ್ಚುತ್ತದೆ. "ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತದೆ" ಎನ್ನುವವರೂ ಇರುತ್ತಾರೆ. ಆ ಹಂತದಲ್ಲಿ ಡ್ರಿಪ್‌ನಿಂದ ಕೈಕಾಲು ಊದಿ, ಎದೆಯಲ್ಲಿ ಕಫ ಹೆಚ್ಚುವ ಸಾಧ್ಯತೆಯೂ ಇದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ವೈದ್ಯರು ನೋಡಿ ಹೇಳಬೇಕು. ನಮ್ಮಲ್ಲಿ ಕೊನೆಗೆ ಬಾಯಿಗೆ ನೀರು ಬಿಡುವ ಸಂಪ್ರದಾಯವಿದೆ. ಚಮಚದಿಂದ ಸುರಿಯುವ ಬದಲು ತುಟಿ, ನಾಲಿಗೆ ನೆನೆಯುವಷ್ಟು ಹನಿಸಿ. ಸಂಪ್ರದಾಯವೂ ಉಳಿಯುತ್ತದೆ, ಅವರಿಗೂ ಹಿತವಾಗುತ್ತದೆ.

ಕೈಕಾಲು ತಣ್ಣಗಾಗುವುದು, ಉಸಿರು ನಿಂತು ನಿಂತು ಬರುವುದು, ಗಂಟಲಲ್ಲಿ ಗೊರಗೊರ ಸದ್ದು ಇವು ಕೊನೆಯ ಗಂಟೆಗಳ ಲಕ್ಷಣಗಳು. ಆ ಸದ್ದು ಕೇಳುವವರಿಗೆ ಆಗುವಷ್ಟು ಸಂಕಟ ಎಚ್ಚರ ತಪ್ಪಿರುವ ರೋಗಿಗೆ ಆಗುತ್ತಿರುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ. ಒಂದು ಮಗ್ಗುಲಿಗೆ ಮಲಗಿಸಿದರೆ ಕಡಿಮೆಯಾಗುತ್ತದೆ. ಅವರಿಗೆ ಇನ್ನೂ ಕಿವಿ ಕೇಳಿಸುತ್ತಿರಬಹುದು ಎಂದುಕೊಂಡೇ ಮಾತನಾಡಿ. ಆಸ್ತಿಯ ಜಗಳ, ಖರ್ಚಿನ ಲೆಕ್ಕ ಅವರ ತಲೆದೆಸೆಯಲ್ಲಿ ಬೇಡ.

ರೋಗಿಗೆ ಹೇಳಬೇಕೇ?

"ಅವರಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ, ಹೇಳಬೇಡಿ ಡಾಕ್ಟ್ರೇ" ಎಂದು ಹೆಚ್ಚಿನ ಮನೆಗಳಲ್ಲಿ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ತನ್ನ ದೇಹದ ಸ್ಥಿತಿ ಬಹುತೇಕ ರೋಗಿಗಳಿಗೆ ಆಗಲೇ ಅಂದಾಜಾಗಿರುತ್ತದೆ. ಮನೆಯವರು ನೊಂದುಕೊಳ್ಳುತ್ತಾರೆ ಎಂದು ಅವರೂ ಸುಮ್ಮನಿರುತ್ತಾರೆ. ಎಲ್ಲವನ್ನೂ ಒಮ್ಮೆಲೇ ಹೇಳಬೇಕಿಲ್ಲ. "ನಿಮಗೆ ಏನು ಅನ್ನಿಸುತ್ತಿದೆ? ಏನಾದರೂ ಕೇಳಬೇಕಾ?" ಎಂದು ಬಾಗಿಲು ತೆರೆದಿಟ್ಟರೆ ಸಾಕು. ಎಷ್ಟು ತಿಳಿಯಬೇಕು ಎಂದು ಅವರೇ ತೋರಿಸುತ್ತಾರೆ.

ಇದು ದಯಾಮರಣವೇ?

ಅಲ್ಲ. ಸಾಯಿಸುವ ಉದ್ದೇಶದಿಂದ ಔಷಧ ಕೊಡುವುದು ಭಾರತದಲ್ಲಿ ಅಪರಾಧ. ನೋವು ತಗ್ಗಿಸಲು ಔಷಧ ಕೊಡುವುದು ಚಿಕಿತ್ಸೆ. ಇವೆರಡರ ನಡುವೆ ಇನ್ನೊಂದು ವಿಷಯವಿದೆ. ಗುಣವಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್‌ನಂಥ ಜೀವ ಹಿಡಿದಿಡುವ ಚಿಕಿತ್ಸೆ ಬೇಡ ಎನ್ನುವ ಹಕ್ಕು. 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, ತನಗೆ ಯಾವ ಚಿಕಿತ್ಸೆ ಬೇಡ ಎಂದು ಮುಂಚೆಯೇ ಬರೆದಿಡಲು ಅವಕಾಶ ಕೊಟ್ಟಿತು. 2023ರಲ್ಲಿ ಆ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಯಾವ ಚಿಕಿತ್ಸೆ ನಿಲ್ಲಿಸಿದರೂ ನೋವಿನ ಮದ್ದು ಮತ್ತು ಆರೈಕೆ ಮಾತ್ರ ನಿಲ್ಲುವುದಿಲ್ಲ.

ಡಾಕ್ಟರ ಬಳಿ ಕೇಳಬೇಕಾದ ಪ್ರಶ್ನೆಗಳು

1. ಈ ನೋವು ಯಾವ ಬಗೆಯದು? ಮಾತ್ರೆಯ ಜೊತೆಗೆ ವಿಕಿರಣ ಚಿಕಿತ್ಸೆಯಿಂದ ಅನುಕೂಲವಿದೆಯೇ?
2. ಎಷ್ಟು ಗಂಟೆಗೊಮ್ಮೆ ಕೊಡಬೇಕು? ಮಧ್ಯೆ ನೋವು ಬಂದರೆ ಏನು ಮಾಡಬೇಕು?
3. ಮಲಬದ್ಧತೆಗೆ, ವಾಂತಿಗೆ ಔಷಧ ಬರೆದಿದ್ದೀರಾ?
4. ಯಾವ ಲಕ್ಷಣ ಕಂಡರೆ ಕೂಡಲೇ ಫೋನ್ ಮಾಡಬೇಕು? ರಾತ್ರಿ ಯಾರಿಗೆ ಮಾಡಬೇಕು?
5. ಮನೆಗೆ ಬಂದು ನೋಡುವ ಉಪಶಮನ ಆರೈಕೆ ತಂಡ ನಮ್ಮ ಊರಿನ ಹತ್ತಿರ ಇದೆಯೇ?

ಇನ್ನು ನಮಗೆ ಬರೆದ ಓದುಗರಿಗೆ: ಭಯಪಟ್ಟಿದ್ದು ನಿಮ್ಮ ತಪ್ಪಲ್ಲ. ಆ ಭಯವನ್ನು ನಿಮಗೆ ಯಾರೋ ಫಾರ್ವರ್ಡ್ ಮಾಡಿದ್ದು. ಮಾತ್ರೆ ಬರೆದ ಡಾಕ್ಟರಿಗೆ ಇಂದೇ ಫೋನ್ ಮಾಡಿ. ನಾಲ್ಕು ದಿನ ಕೊಟ್ಟಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿ, ಮೇಲಿನ ಪ್ರಶ್ನೆಗಳನ್ನು ಕೇಳಿ, ಅವರು ಹೇಳಿದ ಪ್ರಮಾಣದಲ್ಲಿ ಶುರು ಮಾಡಿ. ಮೊದಲ ಡೋಸ್ ಕೊಟ್ಟ ಮೇಲೆ ಅಮ್ಮನ ಪಕ್ಕದಲ್ಲೇ ಕುಳಿತಿರಿ. ಗಂಟೆಯೊಳಗೆ ನೋವು ಎಷ್ಟಾಣೆ ಇಳಿಯಿತು ಎಂದು ಅವರನ್ನೇ ಕೇಳಿ, ಬರೆದಿಡಿ.

ಉಳಿದ ಓದುಗರಿಗೆ ಒಂದು ಮಾತು. ಮಾರ್ಫಿನ್ ಬಗ್ಗೆ ಹೆದರಿಸುವ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಆ ಗ್ರೂಪಿನಲ್ಲಿ ಯಾರ ಮನೆಯಲ್ಲಿ ಯಾರು ನರಳುತ್ತಿದ್ದಾರೋ ನಮಗೆ ಗೊತ್ತಿರುವುದಿಲ್ಲ.